ಪುಟ್ಟಸ್ವಾಮಿಯವರ ಮೂರು ಅಕ್ಷರ

ಏನನ್ನಾದರೂ ಮರೆತಾಗ ನನ್ನ ಎಡಗೈಯ ಕಿರುಬೆರಳು ತಾನಾಗಿಯೇ ಕೆಳಕ್ಕೆ ಒತ್ತಿಕೊಳ್ಳುತ್ತದೆ. ಅಡುಗೆಮನೆಗೆ ಹೋಗಿ ಯಾಕೆ ಬಂದೆನೆಂದು ತಿಳಿಯದೆ ನಿಂತಾಗ, ಸಂತೇಪೇಟೆಯಲ್ಲಿ ಎದುರು ಸಿಕ್ಕಿ ನಗುವವರ ಹೆಸರು ನಾಲಿಗೆಗೆ ಬಾರದಾಗ, ಆ ಬೆರಳು ತೊಡೆಯನ್ನೋ ತರಕಾರಿ ಚೀಲದ ಹಿಡಿಯನ್ನೋ ಒತ್ತುತ್ತದೆ. ಪಕ್ಕದಲ್ಲಿ ತೋರುಬೆರಳು ಸ್ವಲ್ಪ ಮೇಲಕ್ಕೆ ಚಾಚಿ ಒಮ್ಮೆ ಕುಟ್ಟುತ್ತದೆ. ಕಂಟ್ರೋಲ್ ಮತ್ತು ಆರ್. ನನ್ನ ಹೆಂಡತಿಗೆ ಇದು ಅಭ್ಯಾಸವಾಗಿದೆ. ಮನೆಯಲ್ಲಿ ಎಷ್ಟು ಬೇಕಾದರೂ ಕುಟ್ಟಿಕೊಳ್ಳಿ, ಬೀಗರ ಮನೆಯಲ್ಲಿ ಮಾತ್ರ ಬೇಡ, ನರದ ಕಾಯಿಲೆ ಅಂದುಕೊಳ್ಳುತ್ತಾರೆ ಎಂದು ಅವಳು ಎಚ್ಚರಿಸಿದ್ದಾಳೆ.

ಈ ಎರಡು ಕೀಲಿಗಳ ಮಹಿಮೆ ಗೊತ್ತಿಲ್ಲದವರಿಗೆ ಸ್ವಲ್ಪ ವಿವರಿಸಬೇಕು. ಪರದೆಯ ಮೇಲಿನ ಚಿತ್ರಗಳನ್ನು ಒತ್ತಿ ಕಂಪ್ಯೂಟರಿನಲ್ಲಿ ಕೆಲಸ ಮಾಡುವುದು ಈಗ ಎಲ್ಲರಿಗೂ ಬರುತ್ತದೆ. ಆದರೆ ಅದೇ ಯಂತ್ರದೊಳಗೆ ಬರೀ ಕಪ್ಪು ಪರದೆಯ ಇನ್ನೊಂದು ಲೋಕವಿದೆ. ಅಲ್ಲಿ ಚಿತ್ರವಿಲ್ಲ, ಮೌಸಿಗೆ ಕೆಲಸವಿಲ್ಲ. ಏನು ಆಗಬೇಕೆಂದು ಒಂದು ಸಾಲು ಟೈಪ್ ಮಾಡಿ ಎಂಟರ್ ಒತ್ತಿದರೆ ಯಂತ್ರ ಮರುಮಾತಾಡದೆ ಮಾಡಿಬಿಡುತ್ತದೆ. ಮಾಡಬಾರದ್ದನ್ನು ಹೇಳಿದರೂ ಅಷ್ಟೇ ವಿನಯದಿಂದ ಮಾಡುತ್ತದೆ. ಜೊತೆಗೆ, ನಾವು ಹೇಳಿದ ಒಂದೊಂದು ಸಾಲನ್ನೂ ನೆನಪಿಟ್ಟುಕೊಳ್ಳುತ್ತದೆ. ಹಳೆಯ ಸಾಲನ್ನು ಮತ್ತೆ ಟೈಪ್ ಮಾಡಬೇಕಾಗಿಲ್ಲ. ಕಂಟ್ರೋಲ್ ಒತ್ತಿ ಹಿಡಿದು ಆರ್ ಒತ್ತಿ, ಆ ಸಾಲಿನ ಎರಡು ಮೂರು ಅಕ್ಷರ ಕೊಟ್ಟರೆ ಸಾಕು, ಆ ಅಕ್ಷರಗಳಿರುವ ತೀರ ಇತ್ತೀಚಿನ ಸಾಲನ್ನು ತಂದು ಮುಂದಿಡುತ್ತದೆ. ನೋಡಿ, ಹೌದು ಇದೇ ಎನ್ನಿಸಿದರೆ ಎಂಟರ್ ಒತ್ತುವುದು.

ನನಗೆ ಇಂಥ ಯಂತ್ರ ಬಾಲ್ಯದಿಂದಲೇ ಬೇಕಿತ್ತು. ಹೊಳೆನರಸೀಪುರದಲ್ಲಿ ಶಾಲೆಗೆ ಹೋಗುವಾಗ ರಸ್ತೆ ಬಿಟ್ಟು ಯಾರದೋ ಕಬ್ಬಿನ ಗದ್ದೆಯ ಬದುವಿನ ಮೇಲೆ, ಆಮೇಲೆ ನಾಲೆ ಏರಿಯ ಮೇಲೆ ಓಡುತ್ತಿದ್ದೆವು ಎಂದು ನನಗೆ ಸ್ಪಷ್ಟವಾಗಿ ನೆನಪಿದೆ. ಗದ್ದೆಯ ಯಜಮಾನ ಬೈಯುತ್ತಿದ್ದುದು, ನಾಲೆಯ ನೀರಿಗೆ ನನ್ನ ಬಲಗಾಲಿನ ಚಪ್ಪಲಿ ಬಿದ್ದುಹೋದದ್ದು, ಒಂಟಿ ಚಪ್ಪಲಿಯಲ್ಲಿ ಪ್ರಾರ್ಥನೆಗೆ ನಿಂತದ್ದು ಎಲ್ಲ. ಇದನ್ನು ಅನೇಕ ಸಲ ಹೇಳಿ ಜನರನ್ನು ನಗಿಸಿದ್ದೇನೆ. ಕಳೆದ ವರ್ಷ ಅಕ್ಕನ ಎದುರು ಹೇಳಿದೆ. ಅವಳು ಕಾಫಿ ಲೋಟ ಕೆಳಗಿಟ್ಟು, ನಾವು ಒಂದು ದಿನವೂ ಹಾಗೆ ಹೋಗಿಲ್ಲ, ಅಪ್ಪ ನಮ್ಮಿಬ್ಬರನ್ನೂ ಸೈಕಲ್ಲಿನಲ್ಲಿ ಬಿಡುತ್ತಿದ್ದರು, ಚಪ್ಪಲಿ ಕಳೆದುಕೊಂಡವನು ಪಕ್ಕದ ಮನೆಯ ಗೋಪಿ ಎಂದಳು. ಆ ಗೋಪಿಯ ಒದ್ದೆ ಕಾಲು ನನ್ನ ಕಾಲಿಗೆ ಹೇಗೆ ಬಂತೋ ತಿಳಿಯದು. ಇಂಥ ತಲೆಯನ್ನು ನಂಬುವಂತಿಲ್ಲವೆಂದೇ ಮೈಸೂರಿನಲ್ಲಿ ಎಂ.ಎಸ್ಸಿ. ಓದುವಾಗಿನಿಂದ ದಿನಚರಿ ಬರೆಯುತ್ತಿದ್ದೇನೆ. ಬರೆದಿಟ್ಟರೆ ಸುಳ್ಳಾಗುವುದಿಲ್ಲ ಎಂದುಕೊಂಡಿದ್ದೆ.

ಕಂಟ್ರೋಲ್ ಆರ್ ನನಗೆ ಕಲಿಸಿದವರು ಪುಟ್ಟಸ್ವಾಮಿ. ಹಾಸನದ ಒಂದು ಖಾಸಗಿ ಕಾಲೇಜಿನ ಕಂಪ್ಯೂಟರ್ ಲ್ಯಾಬಿಗೆ ನಾನು ಮುಖ್ಯಸ್ಥನಾಗಿ ಸೇರಿದಾಗ ಅವರು ಅಲ್ಲಿ ಸಹಾಯಕರಾಗಿದ್ದರು. ನನಗಿಂತ ಹದಿನೈದು ವರ್ಷ ದೊಡ್ಡವರು. ಆದರೂ ಕೊನೆಯವರೆಗೂ ನಾನು ಅವರಿಗೆ ‘ಸಾ’. ಅರಕಲಗೂಡಿನ ಆಚೆ, ರಾಮನಾಥಪುರದ ರಸ್ತೆಯಲ್ಲಿ ಅವರ ಊರು. ಹಿಂದೆ ಚನ್ನರಾಯಪಟ್ಟಣದ ಬಸ್‌ಸ್ಟ್ಯಾಂಡಿನ ಹತ್ತಿರ ಮಹಡಿಯ ಮೇಲೆ ಟೈಪಿಂಗ್ ಇನ್‌ಸ್ಟಿಟ್ಯೂಟ್ ನಡೆಸುತ್ತಿದ್ದರಂತೆ. ಜೂನಿಯರ್, ಸೀನಿಯರ್ ಪರೀಕ್ಷೆಗೆ ಕಟ್ಟುವ ಹುಡುಗಿಯರ ಕೈ ಮೇಲೆ ಟವೆಲ್ ಹೊದಿಸಿ, ಕೀಲಿ ನೋಡದೆ ಹೊಡೆಯುವುದನ್ನು ಕಲಿಸುತ್ತಿದ್ದರಂತೆ. ಕಲಿಯುವವರು ಬರುವುದು ನಿಂತ ಮೇಲೆ ಯಂತ್ರಗಳನ್ನು ಗುಜರಿಗೆ ಹಾಕಿ, ನಲವತ್ತು ದಾಟಿದ ಮೇಲೆ ಮಕ್ಕಳ ಜೊತೆ ಕೂತು ಕಂಪ್ಯೂಟರ್ ಕಲಿತು ಬಂದವರು.

ಅವರು ಟೈಪ್ ಮಾಡುವುದನ್ನು ನೀವು ನೋಡಬೇಕಿತ್ತು. ಬೆರಳುಗಳು ನಡುಸಾಲಿನ ಕೀಲಿ ಬಿಟ್ಟು ಅಲುಗುತ್ತಲೇ ಇರಲಿಲ್ಲ. ನಾನು ಸಾಲಿನ ಮೊದಲಿಗೆ ಹೋಗಬೇಕಾದರೆ ಬಾಣದ ಗುರುತಿನ ಕೀಲಿಯನ್ನು ಮೂವತ್ತು ಸಲ ಒತ್ತುತ್ತಿದ್ದೆ. ಅವರು ಅದನ್ನು ಕಿವಿಯಿಂದಲೇ ಎಣಿಸಿ, ಮುಗಿಯಿತೇ ಎನ್ನುವಂತೆ ಕೆಮ್ಮುತ್ತಿದ್ದರು. ಕಂಟ್ರೋಲ್ ಎ ಒತ್ತಿದರೆ ಸಾಲಿನ ತಲೆಗೆ, ಕಂಟ್ರೋಲ್ ಇ ಒತ್ತಿದರೆ ಬಾಲಕ್ಕೆ. ತಪ್ಪಾಯಿತೇ, ಹುಡುಕಿ ತಿದ್ದುವ ಗೋಜಿಲ್ಲ, ಕಂಟ್ರೋಲ್ ಯು ಒತ್ತಿ ಪೂರ್ತಿ ಅಳಿಸಿ ಮೊದಲಿಂದ ಹೊಡೆಯುವುದು.

“ಕೈ ಯಾಕೆ ಎತ್ತೀರಿ ಸಾ? ಎತ್ತಿದ್ ಕೈ ವಾಪಸ್ ಬರೋವೊತ್ಗೆ ಕೆಲ್ಸ ಮುಗ್ದೋಗಿರ್ತದೆ” ಎನ್ನುತ್ತಿದ್ದರು.

ಒಮ್ಮೆ ವಿದ್ಯಾರ್ಥಿಗಳು ನಾಲ್ಕು ಕೆಲಸ ಕೊಟ್ಟು ನಮ್ಮಿಬ್ಬರಿಗೂ ಪಂದ್ಯ ಹಚ್ಚಿದರು. ನಾನು ಮೊದಲ ಕೆಲಸ ಮುಗಿಸುವಷ್ಟರಲ್ಲಿ ಅವರು ನಾಲ್ಕೂ ಮುಗಿಸಿ ಕನ್ನಡಕ ಒರೆಸುತ್ತಿದ್ದರು. ಆಫೀಸಿನ ಗುಮಾಸ್ತ ಶಿವಣ್ಣ ಬಾಗಿಲಲ್ಲಿ ನಿಂತು, ಎಂ.ಎಸ್ಸಿ. ಸೋತುಹೋಯಿತು ಎಂದು ಸಾರಿದ. ಶಿವಣ್ಣ ಪುಟ್ಟಸ್ವಾಮಿಯವರ ಜೀವದ ಗೆಳೆಯ. ಅರಕಲಗೂಡಿನಿಂದ ಇಬ್ಬರೂ ಒಂದೇ ಬಸ್ಸಿಗೆ ಬಂದು ಒಂದೇ ಬಸ್ಸಿಗೆ ಹೋಗುತ್ತಿದ್ದರು. ಮಧ್ಯಾಹ್ನ ಡಬ್ಬಿ ತೆರೆದರೆ ಇವರ ಮುದ್ದೆ ಅವನಿಗೆ, ಅವನ ಚಪಾತಿ ಇವರಿಗೆ.

ನನಗೆ ಒಳಗೊಳಗೇ ಸ್ವಲ್ಪ ಉರಿಯೂ ಇತ್ತು ಅನ್ನಿಸುತ್ತದೆ. ಅನ್ನಿಸುತ್ತದೆ ಎಂದೇ ಬರೆಯುತ್ತೇನೆ, ಖಂಡಿತ ಹೇಳಲಾರೆ. ಅವರ ಕೆಲವು ಪದ್ಧತಿಗಳು ನನಗೆ ಶೋಕಿಯಾಗಿ ಕಂಡಿದ್ದವು. ಪ್ರತಿ ಸಾಲಿಗೂ ಮುಂಚೆ ಕಂಟ್ರೋಲ್ ಎಲ್ ಒತ್ತಿ ಪರದೆಯನ್ನೆಲ್ಲ ಒರೆಸಿಬಿಡುತ್ತಿದ್ದರು. ಆಗ ಹೊಸ ಸಾಲು ಯಾವಾಗಲೂ ಎಡಗಡೆಯ ಮೇಲಿನ ಮೂಲೆಯಲ್ಲೇ ಬರುತ್ತಿತ್ತು. ಹೆಸರಿನ ಎರಡಕ್ಷರ ಹೊಡೆದು ಟ್ಯಾಬ್ ಕೀಲಿ ಒತ್ತಿದರೆ ಯಂತ್ರವೇ ಉಳಿದದ್ದನ್ನು ತುಂಬುತ್ತದೆ, ತುಂಬಲಾಗದಿದ್ದರೆ ಕುಯ್ ಎನ್ನುತ್ತದೆ. ಆ ಸದ್ದು ತಲೆನೋವೆಂದು ನಾನು ನಿಲ್ಲಿಸಿದ್ದೆ. ಅವರು ಮರುದಿನವೇ ಬಂದು ಕೈಕಟ್ಟಿ ನಿಂತು, “ಅದು ಕೂಗ್ಲಿ ಬುಡಿ ಸಾ, ಒಬ್ನೇ ಕೂತಿರ್ತೀನಿ, ಜತೆ ಇರ್ತದೆ” ಎಂದರು. ನಾನು ನಕ್ಕು ಮತ್ತೆ ಹಾಕಿಕೊಟ್ಟೆ.

ಅವರ ಕಣ್ಣು ಹೋಗುತ್ತಿತ್ತು. ಕಣ್ಣಿನೊಳಗಿನ ಒತ್ತಡ ಏರಿ, ಸುತ್ತಲಿಂದ ಕತ್ತಲೆ ಕವಿಯುತ್ತ ಬರುವ ಕಾಯಿಲೆ. ಮೇಲಿನ ಮೂಲೆಯೊಂದನ್ನು ಬಿಟ್ಟರೆ ಪರದೆಯ ಬೇರೆ ಕಡೆ ಅವರಿಗೆ ಮಸಕು, ಕೊನೆಕೊನೆಗೆ ಆ ಮೂಲೆಯೂ ಮಸಕು. ನೋಡದೆ ಮಾಡಬಹುದಾದ ದಾರಿಗಳನ್ನೆಲ್ಲ ಒಂದೊಂದಾಗಿ ಬೆರಳಿಗೆ ಕಲಿಸಿ ಅವರು ಕೆಲಸ ಉಳಿಸಿಕೊಂಡಿದ್ದರು. ಈ ಕಣ್ಣಿನ ವಿಷಯ ಅವರು ಕಾಲೇಜು ಬಿಡುವ ದಿನವೇ ನನಗೆ ತಿಳಿಯಿತು ಎಂದು ಹನ್ನೊಂದು ವರ್ಷ ನಂಬಿಕೊಂಡಿದ್ದೆ. ಅದನ್ನು ಹೇಳಿಕೊಂಡೂ ತಿರುಗಿದ್ದೆ.

ಅವರು ಕಾಲೇಜು ಬಿಟ್ಟ ಕಥೆಯನ್ನು ನಾನು ಹೇಳುತ್ತಿದ್ದದ್ದು ಹೀಗೆ. ಅದು ಆಂತರಿಕ ಅಂಕಗಳನ್ನು ಕಂಪ್ಯೂಟರಿಗೆ ತುಂಬುವ ದಿನ, ಶನಿವಾರ. ಅಧ್ಯಾಪಕರೆಲ್ಲ ಬೆಳಗಿನಿಂದ ಸರದಿಯಲ್ಲಿ ಕೂತು, ಬೈದುಕೊಳ್ಳುತ್ತ, ತಮ್ಮ ತಮ್ಮ ತರಗತಿಯ ಅಂಕ ತುಂಬಿದ್ದರು. ಲ್ಯಾಬ್ ಮುಚ್ಚುವ ಮುಂಚೆ ಅಂಕದ ಕಡತಗಳನ್ನೆಲ್ಲ ಇನ್ನೊಂದು ಡಿಸ್ಕಿಗೆ ನಕಲು ಮಾಡಿಡುವುದು ಪುಟ್ಟಸ್ವಾಮಿಯವರ ದಿನನಿತ್ಯದ ಕೆಲಸ. ಉದ್ದನೆಯ ಸಾಲು ಅದು. ಅವರು ಅದನ್ನು ಟೈಪ್ ಮಾಡುತ್ತಿರಲಿಲ್ಲ. ಕಂಟ್ರೋಲ್ ಆರ್, ಆಮೇಲೆ ಎಂ, ಎ, ಆರ್ ಎಂಬ ಮೂರು ಅಕ್ಷರ, ಎಂಟರ್. ಅಂಕದ ಕಡತಗಳ ಹೆಸರು ಶುರುವಾಗುವುದು ಆ ಮೂರಕ್ಷರದಿಂದ. ಆವತ್ತೂ ಹಾಗೇ ಮಾಡಿದರು. ಸ್ವಲ್ಪ ಹೊತ್ತಿಗೆ, “ಸಾ, ಒಸಿ ಬನ್ನಿ” ಎಂದರು. ಹೋಗಿ ನೋಡಿದರೆ ಕಡತಗಳೇ ಇಲ್ಲ. ಪರದೆಯ ಮೇಲಿದ್ದದ್ದು ನಕಲು ಮಾಡು ಎನ್ನುವ ಸಾಲಲ್ಲ, ಎಲ್ಲವನ್ನೂ ಅಳಿಸು ಎನ್ನುವ ಸಾಲು. ಅಧ್ಯಾಪಕರು ಭಾನುವಾರ ಬಂದು ಎಲ್ಲವನ್ನೂ ಮತ್ತೆ ತುಂಬಬೇಕಾಯಿತು. ಪುಟ್ಟಸ್ವಾಮಿಯವರನ್ನು ಲ್ಯಾಬಿನಿಂದ ತೆಗೆದು ಲೈಬ್ರರಿಯ ಬಾಗಿಲಲ್ಲಿ ಹಾಜರಿ ಪುಸ್ತಕದ ಮುಂದೆ ಕೂರಿಸಿದರು. ಐದು ತಿಂಗಳಿಗೆ, ನಿವೃತ್ತಿಗೆ ಇನ್ನೂ ವರ್ಷಗಳಿರುವಾಗಲೇ, ಅವರು ಬಿಟ್ಟುಹೋದರು. ಅಷ್ಟು ದೊಡ್ಡ ಟೈಪಿಸ್ಟಿಗೂ ಒಂದು ದಿನ ಕೈತಪ್ಪುತ್ತದೆ ಎಂದು ನಾನು ಕಥೆ ಮುಗಿಸುತ್ತಿದ್ದೆ. ಹೊಸದಾಗಿ ಸೇರಿದವರಿಗೆ ಎಚ್ಚರಿಕೆಯ ಪಾಠವಾಗಿಯೂ ಇದನ್ನೇ ಹೇಳುತ್ತಿದ್ದೆ.

ಎರಡು ತಿಂಗಳ ಹಿಂದೆ ಲ್ಯಾಬಿನ ಹಳೆಯ ಯಂತ್ರಗಳನ್ನು ಗುಜರಿಗೆ ಹಾಕಲು ತೀರ್ಮಾನವಾಯಿತು. ಉಪಯೋಗದ್ದು ಏನಾದರೂ ಇದ್ದರೆ ತೆಗೆದಿಡೋಣವೆಂದು ಆ ಘಟನೆಯಾದ ಮೇಲೆ ಬಳಕೆ ನಿಲ್ಲಿಸಿ ಮೂಲೆಗೆ ಸರಿಸಿದ್ದ ಹಳೆಯ ಸರ್ವರನ್ನು ಚಾಲೂ ಮಾಡಿದೆ. ಲ್ಯಾಬಿನವರೆಲ್ಲ ಹಂಚಿಕೊಳ್ಳುತ್ತಿದ್ದ ಒಂದೇ ಹೆಸರು, ಒಂದೇ ಪಾಸ್‌ವರ್ಡ್ ಇನ್ನೂ ನೆನಪಿತ್ತು. ಕಪ್ಪು ಪರದೆ ತೆರೆಯಿತು. ಏನೂ ಯೋಚಿಸದೆ ಕಂಟ್ರೋಲ್ ಆರ್ ಒತ್ತಿ ಆ ಮೂರು ಅಕ್ಷರ ಹೊಡೆದೆ. ಅಳಿಸುವ ಸಾಲು ಬಂತು. ಮತ್ತೊಮ್ಮೆ ಒತ್ತಿದೆ. ಅದರ ಹಿಂದಿನದೂ ಅಳಿಸುವ ಸಾಲೇ.

ಒಂದೇ ಸಾಲು ಎರಡು ಸಲ ಹೇಗೆ ಎಂದು ಪೂರ್ತಿ ಪಟ್ಟಿ ತೆಗೆದೆ. ವಿದ್ಯಾರ್ಥಿಗಳ ಕಿತಾಪತಿ ಹಿಡಿಯಲೆಂದು ಪ್ರತಿ ಸಾಲಿನ ಪಕ್ಕದಲ್ಲೂ ವೇಳೆ ದಾಖಲಾಗುವಂತೆ ನಾನೇ ಒಮ್ಮೆ ಮಾಡಿಟ್ಟಿದ್ದೆ. ಎರಡನೆಯ ಸಲದ ವೇಳೆ ಆ ಶನಿವಾರದ ಸಂಜೆ. ಮೊದಲನೆಯದು ಅದೇ ದಿನ ಬೆಳಿಗ್ಗೆ ಒಂಬತ್ತೂವರೆಗೆ ಮುಂಚೆ.

ಮನೆಗೆ ಬಂದು ಆ ವರ್ಷದ ದಿನಚರಿ ಹುಡುಕಿದೆ. ಆ ದಿನದ ಪುಟ ಇತ್ತು, ನನ್ನದೇ ಅಕ್ಷರ. ಮೊದಲಿಗೆ, ಪುಟ್ಟಸ್ವಾಮಿಗೆ ಅರ್ಧ ದಿನ ರಜೆ, ಮಧ್ಯಾಹ್ನ ಬಂದರು ಎಂದಿತ್ತು. ಅದರ ಕೆಳಗೆ, ಬೇಗ ಹೋಗಿ ಕಳೆದ ಸಲದ ಅಂಕಗಳನ್ನು ಅಳಿಸಿ ಜಾಗ ಖಾಲಿ ಮಾಡಿದೆ ಎಂದಿತ್ತು. ಅಂದರೆ, ಹಿಂದಿನ ದಿನ ಅವರು ತೆರೆದಿಟ್ಟು ಹೋಗಿದ್ದ ಅದೇ ಪರದೆಯಲ್ಲಿ ಕೂತು, ಅಳಿಸುವ ಸಾಲನ್ನು ಟೈಪ್ ಮಾಡಿ ಹೋದವನು ನಾನು. ಸಂಜೆ ಅವರು ದಿನವೂ ಒತ್ತುವ ಮೂರಕ್ಷರ ಒತ್ತಿದಾಗ ಯಂತ್ರ ತನ್ನ ಧರ್ಮದ ಪ್ರಕಾರ ತೀರ ಇತ್ತೀಚಿನ ಸಾಲನ್ನು ತಂದಿಟ್ಟಿದೆ. ಅದು ನನ್ನ ಸಾಲು. ಅವರು ನೋಡಲಾರದೆ ಎಂಟರ್ ಒತ್ತಿದ್ದಾರೆ.

ಅದೇ ಪುಟದಲ್ಲಿ ನಾಲ್ಕು ಸಾಲು ಕೆಳಗೆ ಹೀಗೆ ಬರೆದಿದ್ದೆ: ‘ಪುಟ್ಟಸ್ವಾಮಿ ಕೈತಪ್ಪಿ ಎಲ್ಲ ಅಳಿಸಿಬಿಟ್ಟರು. ಪ್ರಿನ್ಸಿಪಾಲರು ಕರೆಸಿ ಕೇಳಿದರು. ಅವರಿಗೆ ಕಣ್ಣು ಕಾಣುವುದಿಲ್ಲವೆಂದು ನನಗೆ ಮೊದಲಿಂದ ಅನುಮಾನವಿತ್ತು. ಹೇಳಬೇಕಾಯಿತು, ಹೇಳಿದೆ.’

ಆ ಎರಡು ಬರಹಗಳ ನಡುವಿನ ಖಾಲಿ ಜಾಗವನ್ನು ಬಹಳ ಸಲ ನೋಡಿದ್ದೇನೆ. ಬೆಳಗಿನದನ್ನೂ ಸಂಜೆಯದನ್ನೂ ಒಂದೇ ಪೆನ್ನಿನಲ್ಲಿ, ಒಂದೇ ಸಲ ಕೂತು ಬರೆದವನಿಗೆ ಎರಡಕ್ಕೂ ಇರುವ ನಂಟು ಹೊಳೆಯಲಿಲ್ಲವೇ? ಹೊಳೆದು, ಬರೆಯದೆ ಬಿಟ್ಟೆನೇ? ಪ್ರಿನ್ಸಿಪಾಲರ ಕೋಣೆಯಲ್ಲಿ ಲ್ಯಾಬಿನ ಹೊಣೆ ಯಾರದೆಂದು ಕೇಳಿದಾಗ ನನ್ನ ಬಾಯಿಗೆ ಅವರ ಕಣ್ಣು ಅಷ್ಟು ಸಲೀಸಾಗಿ ಯಾಕೆ ಬಂತು? ನನಗೆ ಗೊತ್ತಿಲ್ಲ. ಇದು ವಿನಯದ ಮಾತಲ್ಲ. ನೆನಪಿಗೆ ಕೈ ಹಾಕಿದರೆ ಅಲ್ಲಿ ಆ ಕೋಣೆಯ ಫ್ಯಾನಿನ ಸದ್ದೊಂದಿದೆ, ಅಷ್ಟೇ. ಅದೂ ನಿಜವೋ ಅಲ್ಲವೋ.

ಹೋಗಬೇಕು ಎಂದುಕೊಂಡು ಮೂರು ವಾರ ತಳ್ಳಿದೆ. ಒಂದು ಭಾನುವಾರ ಹಾಸನದಿಂದ ಅರಕಲಗೂಡಿಗೆ ಬಸ್ಸು ಹತ್ತಿ, ಅಲ್ಲಿಂದ ಆಟೋ ಹಿಡಿದೆ. ದಾರಿಯುದ್ದಕ್ಕೂ ಹೇಳಬೇಕಾದ್ದನ್ನು ಮನಸ್ಸಿನಲ್ಲೇ ಜೋಡಿಸಿದೆ. ಶುಂಠಿ ಹೊಲಗಳು ಮುಗಿದು ಹೊಗೆಸೊಪ್ಪು ಶುರುವಾಗುವ ಹೊತ್ತಿಗೆ, ಅಳಿಸುವ ಸಾಲಿನ ವಿಷಯ ಹೇಳಿದರೆ ಸಾಕು, ಕಣ್ಣಿನ ವಿಷಯ ಎತ್ತಿ ಅವರಿಗೆ ಮತ್ತೆ ನೋವು ಕೊಡುವುದೇಕೆ ಎಂದು ನನಗೆ ನಾನೇ ಒಪ್ಪಿಸಿಕೊಂಡಿದ್ದೆ. ಎಷ್ಟು ಬೇಗ ಒಪ್ಪಿಕೊಂಡೆ ಎನ್ನುವುದು ಈಗ ನೆನೆದರೆ ನಾಚಿಕೆ.

ಪುಟ್ಟಸ್ವಾಮಿ ಮನೆಯ ಮುಂದಿನ ಚಪ್ಪರದಲ್ಲಿ ಹಲಗೆಯ ಮೇಲೆ ಕೂತು ಹಸಿ ಹೊಗೆಸೊಪ್ಪನ್ನು ಉದ್ದನೆಯ ಕಡ್ಡಿಗೆ ಕಟ್ಟುತ್ತಿದ್ದರು. ಕಟ್ಟಿದ ಕಡ್ಡಿಗಳು ಬ್ಯಾರನ್ನಿಗೆ, ಅಂದರೆ ಸೊಪ್ಪು ಬೇಯಿಸುವ ಮನೆಗೆ ಹೋಗುತ್ತವೆ. ಈಗ ಅವರಿಗೆ ಬೆಳಕು ಕತ್ತಲೆ ಬಿಟ್ಟರೆ ಏನೂ ಕಾಣುವುದಿಲ್ಲ. ನನ್ನ ದನಿ ಕೇಳಿದ್ದೇ, “ಸಾ, ನೀವಾ” ಎಂದು ಎದ್ದು ನಿಂತರು. ಹೆಂಡತಿ ಜಯಮ್ಮ ಚಾಪೆ ಹಾಸಿದರು. ಮಧ್ಯಾಹ್ನ ಊಟವಾದ ಮೇಲೆ ತಾವು ಪೇಪರು, ವಾರಪತ್ರಿಕೆ ಓದಿ ಹೇಳುವುದಾಗಿಯೂ, ಪುಟ್ಟಸ್ವಾಮಿ ಕಥೆ ಬೇಡವೆಂದು ಪ್ರಬಂಧವನ್ನೇ ಮೊದಲು ಓದಿಸಿಕೊಳ್ಳುವುದಾಗಿಯೂ ಹೇಳಿದರು. ನಾನು ಪತ್ರಿಕೆಗಳಿಗೆ ಬರೆಯುವುದು ಅವರಿಗೆ ಗೊತ್ತಿತ್ತು.

ಮಾತಾಡುತ್ತಲೇ ಅವರು ಕೆಲಸ ಮುಂದುವರಿಸಿದರು. ನಾನು ಅವರ ಕೈ ನೋಡುತ್ತಿದ್ದೆ. ನಿಧಾನವಾಗಿದ್ದವು. ಒಂದು ಗಂಟು ಹಾಕಿ ಅದನ್ನು ಹೆಬ್ಬೆರಳಿನಿಂದ ತಡವಿ, ಎಳೆದು ನೋಡಿ, ಮತ್ತೆ ತಡವಿ, ಆಮೇಲೆ ಮುಂದಿನ ಎಲೆ. ಪ್ರತಿ ಗಂಟಿಗೂ ಹೀಗೇ. ಜಯಮ್ಮ ನನ್ನ ನೋಟ ಗಮನಿಸಿದರೇನೋ. ಇವರು ಕಾಲೇಜು ಬಿಟ್ಟಾಗಿನಿಂದ ಎಲ್ಲದಕ್ಕೂ ಹೀಗೆಯೇ, ನಲ್ಲಿ ನಿಲ್ಲಿಸಿದರೂ ಮೂರು ಸಲ ಮುಟ್ಟಿ ನೋಡುತ್ತಾರೆ, ಬೀಗ ಹಾಕಿ ನನ್ನ ಕೈಲಿ ಎಳೆಸಿ ನೋಡುತ್ತಾರೆ ಎಂದರು.

ನಾನು ಹೇಳಿದೆ. ಜೋಡಿಸಿಕೊಂಡು ಹೋದದ್ದೆಲ್ಲ ಚೆಲ್ಲಾಪಿಲ್ಲಿಯಾಗಿ, ಹಿಂದುಮುಂದಾಗಿ ಹೇಳಿದೆ. ಅವರ ಕೈ ನಿಂತಿತು.

“ಬೆಳಿಗ್ಗೆ ನೀವು ಬಂದಿದ್ರಾ?”

“ಬಂದಿದ್ದೆ.”

“ನಾನ್ ತೆರೆದಿಟ್ಟಿದ್ನಲ್ಲ, ಅದ್ರಲ್ಲೇ ಒಡುದ್ರಾ?”

“ಹೌದು.”

ಆ ಸಾಲು ಏನಿತ್ತು, ಒಂದೊಂದೇ ಅಕ್ಷರ ಹೇಳಿ ಎಂದರು. ಬರೆದುಕೊಂಡು ಹೋಗಿದ್ದ ಚೀಟಿ ತೆಗೆದು ಓದಿದೆ. ನಾನು ಹೇಳಿದಂತೆ ಅವರ ಬೆರಳುಗಳು ಹಲಗೆಯ ಮೇಲೆ ಒಂದೊಂದಾಗಿ ಕೆಳಗಿಳಿದವು, ನೆಟ್ಟಗೆ, ತಮ್ಮ ತಮ್ಮ ಜಾಗದಲ್ಲಿ. ಕೊನೆಯ ಗುರುತಿಗೆ ಬಂದಾಗ ನಿಲ್ಲಿಸಿದರು.

“ಇದು ನನ್ ಸಾಲಲ್ಲ ಸಾ. ನಾನಾಗಿದ್ರೆ ಅಳ್ಸೋ ಮುಂಚೆ ಒಂದ್ಸಲ ಕೇಳು ಅಂತ ಹಾಕ್ತಿದ್ದೆ. ಅದಿಲ್ದೆ ಯಾವತ್ತೂ ಒಡುದೋನಲ್ಲ.” ಹಲಗೆಯ ಮೇಲೆ ಮೂರು ಸಲ ಬೆರಳೊತ್ತಿ ಕೇಳಿದರು, “ಅಂಗಾದ್ರೆ ಆ ಮೂರಕ್ಸರ ನಾನು ಸರ್ಯಾಗೇ ಒತ್ತಿದ್ನಾ?”

“ಸರಿಯಾಗೇ ಒತ್ತಿದ್ರಿ.”

“ಜಯಾ, ಕೇಳುಸ್ತಾ?”

“ಕೇಳುಸ್ತು” ಎಂದರು ಜಯಮ್ಮ. “ನಾನು ಆವತ್ತೇ ಯೋಳ್ನಿಲ್ವಾ, ನಿಮ್ ಕೈ ಅಂಥದ್ದಲ್ಲ ಅಂತ?”

“ನೀನ್ ಯೋಳುದ್ರೆ ಆಯ್ತದಾ? ನಿಂಗೆ ನನ್ ಮ್ಯಾಲೆ ಪ್ರೀತಿ” ಎಂದು ಪುಟ್ಟಸ್ವಾಮಿ ನಕ್ಕರು.

ನಾನು ಬೈಗುಳಕ್ಕೆ ಸಿದ್ಧನಾಗಿ ಹೋಗಿದ್ದೆ. ಆ ನಗುವಿಗೆ ಸಿದ್ಧನಾಗಿರಲಿಲ್ಲ. ಜಯಮ್ಮ ನಗಲಿಲ್ಲ. ನನ್ನ ಕಡೆ ನೋಡಲೂ ಇಲ್ಲ. ಹನ್ನೊಂದು ವರ್ಷ ಎಂದು ತಮಗೆ ತಾವೇ ಹೇಳಿಕೊಂಡು ಒಳಗೆ ಹೋದರು.

ಪುಟ್ಟಸ್ವಾಮಿ ಮಾತ್ರ ಹಗುರಾಗಿದ್ದರು. ಬಂದು ಹೇಳಿದಿರಲ್ಲ, ಅಷ್ಟು ಸಾಕು ಎಂದು ನನ್ನ ಮುಂಗೈ ಹಿಡಿದುಕೊಂಡರು. ಶಿವಣ್ಣ ಹೇಗಿದ್ದಾರೆ, ಬಂದುಹೋಗಿ ಮಾಡುತ್ತಾರಾ ಎಂದು ನಾನು ಮಾತು ಬದಲಿಸಲು ಕೇಳಿದೆ. ಅವರ ಮುಖ ಬಿಗಿಯಿತು.

“ಅವನ್ ಸುದ್ದಿ ಬ್ಯಾಡಿ ಸಾ. ನನ್ ಕಣ್ ವಿಸ್ಯ ಅವನೊಬ್ನಿಗೇ ಗೊತ್ತಿದ್ದಿದ್ದು. ಡಾಕ್ಟ್ರ ತಾವ ಕೈ ಹಿಡ್ಕಂಡ್ ಕರ್ಕೋಗ್ತಿದ್ದೋನೇ ಅವನು. ಅವನೇ ಓಗಿ ಪ್ರಿನ್ಸಿಪಾಲ್ರಿಗೆ ಊದವ್ನೆ. ಮಗಳ ಮದ್ವೆಗೆ ಮನೆಗಂಟ ಬಂದು ಕರುದ. ನಾನು ಬಾಗ್ಲು ತೆಗೀನಿಲ್ಲ.”

ಅವರ ಕೈ ಇನ್ನೂ ನನ್ನ ಮುಂಗೈ ಮೇಲಿತ್ತು. ಹೇಳಲು ಬೇಕಾದದ್ದು ಒಂದೇ ಮಾತು. ನಾನು ಬಾಯಿ ತೆರೆದದ್ದು ನಿಜ. ಆದರೆ ಹೊರಗೆ ಬಂದದ್ದು, ಬಸ್ಸಿಗೆ ಹೊತ್ತಾಯಿತು ಎಂಬ ಮಾತು. ಇನ್ನೊಂದು ಬಸ್ಸು ಅರ್ಧ ಗಂಟೆಗೇ ಇತ್ತು. ಅವರು ರಸ್ತೆಯವರೆಗೆ ಗೋಡೆ ಹಿಡಿದು ಬಂದು, ನನ್ನ ದನಿ ನಿಂತ ಮೇಲೂ ಆ ಕಡೆಗೇ ಕೈ ಎತ್ತಿಕೊಂಡು ನಿಂತಿದ್ದರು. ಅರಕಲಗೂಡಿನಲ್ಲಿ ಬಸ್ಸಿಗೆ ಕಾಯುವಾಗ, ಶಿವಣ್ಣನ ಮನೆ ಇಲ್ಲೇ ಎಲ್ಲೋ ಎಂದು ನೆನಪಾಯಿತು. ಕೇಳಿದ್ದರೆ ಯಾರಾದರೂ ತೋರಿಸುತ್ತಿದ್ದರು. ನಾನು ಕೇಳಲಿಲ್ಲ.

ಆಮೇಲಿನ ಐದು ವಾರ ದಿನಚರಿ ಬರೆಯಲಾಗಿಲ್ಲ. ಬರೆಯಲು ಕೂತರೆ, ಎದುರಿಗೆ ಹೇಳಲಾಗದ್ದನ್ನು ಬೀರುವಿನೊಳಗಿಡುವ ಪುಸ್ತಕಕ್ಕೆ ಹೇಳಿ ಏನು ಪ್ರಯೋಜನ ಎನ್ನಿಸುತ್ತದೆ. ಮತ್ತೆ ಹೋಗಿ ಹೇಳುವ ಧೈರ್ಯ ಬರುತ್ತದೆಂದು ನನ್ನ ಬಗ್ಗೆ ನನಗೆ ನಂಬಿಕೆಯಿಲ್ಲ. ಹಾಗಾಗಿ ಇದನ್ನು ಇಲ್ಲಿ, ಅಚ್ಚಾಗುವ ಕಡೆ ಬರೆದಿದ್ದೇನೆ.

ಜಯಮ್ಮನವರೇ, ಇಷ್ಟು ಹೊತ್ತಿಗೆ ನೀವು ಇಲ್ಲಿಯವರೆಗೆ ಓದಿರುತ್ತೀರಿ. ದಿನಚರಿಯ ಆ ಪುಟ ಬಂದ ಕಡೆ ನಿಮ್ಮ ದನಿ ನಿಂತಿದ್ದರೆ, ಅವರಿಗೆ ಬೇಸರವಾಗಬಾರದೆಂದು ಆ ಸಾಲು ದಾಟಿಸಿದ್ದರೆ, ಈಗ ಇದನ್ನಾದರೂ ದಾಟಿಸಬೇಡಿ. ನಿಧಾನವಾಗಿ, ಅವರಿಗೆ ಪೂರ್ತಿ ಕೇಳುವಂತೆ ಓದಿ. ಪ್ರಿನ್ಸಿಪಾಲರಿಗೆ ಹೇಳಿದವನು ಶಿವಣ್ಣನಲ್ಲ, ನಾನು.